ಮರುಳಪ್ಪ ಮೇಷ್ಟ್ರ ಮಿಸ್ಡ್ ಕಾಲ್ ಗಂಟೆ

ರಾಯದುರ್ಗದ ಮರುಳಪ್ಪ ಮೇಷ್ಟ್ರ ಕೈ ಸುಮ್ಮನಿದ್ದುದನ್ನು ಯಾರೂ ಕಂಡವರಿಲ್ಲ. ಬಲಗೈ ಊಟ ಮಾಡುತ್ತಿದ್ದರೂ ಎಡಗೈ ಯಾವುದಾದರೂ ಒಂದು ಸ್ಕ್ರೂ ತಿರುಗಿಸುತ್ತಲೇ ಇರುತ್ತಿತ್ತು. ರೇಡಿಯೋ, ಗಡಿಯಾರ, ಮಿಕ್ಸಿ, ಅತ್ತೆಯವರ ಕಿವಿಯ ಮೆಷಿನ್ನು, ಎಲ್ಲವನ್ನೂ ಅವರು ಬಿಚ್ಚಿದ್ದರು. ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಿದರು ಅಂತ ಯಾರಾದರೂ ಬರೆದರೆ ಅವರ ಹೆಂಡತಿ ದ್ರಾಕ್ಷಾಯಣಮ್ಮ ಜಗಳಕ್ಕೇ ಬಂದಾರು.

ಆಕೆ ಜಗಳಕ್ಕೆ ಬರುವುದರಲ್ಲಿ ನ್ಯಾಯವೂ ಇತ್ತು. ರಾಯದುರ್ಗದ ಓಣಿ ಓಣಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದ ಕಾಲ ಅದು. ದ್ರಾಕ್ಷಾಯಣಮ್ಮನೂ ಮುಂದಿನ ಕೋಣೆಯಲ್ಲಿ ಮೂರು ಮೆಷಿನ್ ಹಾಕಿಕೊಂಡು, ಮಾಲೀಕರು ಕತ್ತರಿಸಿ ಕಳಿಸಿದ ಬಟ್ಟೆಯನ್ನು ಹೊಲಿದು ಕೊಡುತ್ತಿದ್ದರು. ಹೊಲಿದ ಮೇಲೆ ಉಳಿಯುವ ದಾರದ ತುದಿಗಳನ್ನು ಕತ್ತರಿಸಲು ಇಬ್ಬರು ಹೆಂಗಸರು ಇಡೀ ದಿನ ಕೂರಬೇಕು. ಅದನ್ನು ನೋಡಲಾರದೆ ಮೇಷ್ಟ್ರು ಮಿಕ್ಸಿಯ ಮೋಟರಿಗೆ ಬ್ಲೇಡು ಕಟ್ಟಿ ದಾರ ಕತ್ತರಿಸುವ ಯಂತ್ರ ಮಾಡಿದರು. ಯಂತ್ರ ದಾರವನ್ನು ಕತ್ತರಿಸಿತು, ಅದರಲ್ಲಿ ಸುಳ್ಳಿಲ್ಲ. ದಾರದ ಜೊತೆಗೆ ಇಪ್ಪತ್ತೆರಡು ಪ್ಯಾಂಟುಗಳ ಹಿಂದಿನ ಜೇಬನ್ನೂ ಕತ್ತರಿಸಿತು. ಅವತ್ತಿನಿಂದ ಮೇಷ್ಟ್ರು ಮುಂದಿನ ಕೋಣೆಗೆ ಸ್ಕ್ರೂಡ್ರೈವರ್ ಹಿಡಿದು ಬರುವ ಹಾಗಿರಲಿಲ್ಲ.

"ನಿಮ್ಮ ಬುದ್ಧಿ ಸಾಲಿ ಹುಡುಗರ ಮ್ಯಾಲೆ ಖರ್ಚು ಮಾಡ್ರಿ. ಅವ್ರ ಹತ್ರ ಪ್ಯಾಂಟ್ ಕಡಿಮಿ ಅದಾವು" ಎಂದು ದ್ರಾಕ್ಷಾಯಣಮ್ಮ ತೀರ್ಪು ಕೊಟ್ಟಿದ್ದರು.

ಮೇಷ್ಟ್ರು ವಿಜ್ಞಾನ ಕಲಿಸುತ್ತಿದ್ದುದು ಆಂಧ್ರದ ಗಡಿಯೊಳಗೆ ರೊಳ್ಳ ಕಡೆಯ ಹುಣಸೆಕುಂಟೆ ಎಂಬ ಊರಿನ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ. ಊರಿನಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ಶನಿವಾರ ಸಂಜೆ ಮಡಕಶಿರಕ್ಕೆ ಹೋಗಿ, ಅಲ್ಲಿಂದ ಪಾವಗಡದ ಮೇಲೆ ಬಸ್ಸು ಬದಲಿಸುತ್ತ ರಾಯದುರ್ಗ ಸೇರುವಷ್ಟರಲ್ಲಿ ಮನೆಯಲ್ಲಿ ಊಟ ಆಗಿಹೋಗಿರುತ್ತಿತ್ತು. ಅವರು ಬಳ್ಳಾರಿ ಕಡೆಯ ಮಾತಿನಲ್ಲಿ "ಯಾಕ", "ಬರ್ರಿ" ಎಂದರೆ ಹುಣಸೆಕುಂಟೆಯ ಮಕ್ಕಳು ಪುಸ್ತಕ ಅಡ್ಡ ಹಿಡಿದು ನಗುತ್ತಿದ್ದರು. ಮಕ್ಕಳು "ಐತೆ ಸಾರ್", "ಬತ್ತೀನಿ ಸಾರ್" ಎಂದರೆ ಮೇಷ್ಟ್ರು ನಗುತ್ತಿದ್ದರು. ಹೀಗಾಗಿ ಲೆಕ್ಕ ಸರಿಹೋಗಿತ್ತು.

ಅವರಿಗೆ ಜೀವನದಲ್ಲಿ ಒಂದೇ ಒಂದು ಆಸೆ, ಅನಂತಪುರದ ಜಿಲ್ಲಾ ವಿಜ್ಞಾನ ಪ್ರದರ್ಶನದಲ್ಲಿ ಬಹುಮಾನ. ಹನ್ನೊಂದು ವರ್ಷಗಳಿಂದ ಪ್ರತಿ ಸಲ ಹೋಗಿದ್ದರು, ಪ್ರತಿ ಸಲವೂ ಭೈರವಾನಿತಿಪ್ಪ ಅಣೆಕಟ್ಟೆಯ ಮಾದರಿಯನ್ನೇ ಒಯ್ದಿದ್ದರು. ಥರ್ಮೋಕೋಲಿನ ಕಟ್ಟೆ, ನೀಲಿ ಬಣ್ಣದ ನೀರು, ಕೆಳಗೆ ಪುಟ್ಟ ಬಲ್ಬು. ಹನ್ನೊಂದನೆಯ ವರ್ಷ ಆ ಕಟ್ಟೆ ಒಡೆದು ನೀಲಿ ನೀರೆಲ್ಲ ಮುಖ್ಯ ಅತಿಥಿಗಳ ಬಿಳಿ ಪಂಚೆಯ ಮೇಲೆ ಹರಿಯಿತು. ಅಲ್ಲಿಗೆ ಅಣೆಕಟ್ಟೆ ಯೋಜನೆ ಮುಗಿಯಿತು.

ಹನ್ನೆರಡನೆಯ ವರ್ಷ ಹೊಸ ಸುತ್ತೋಲೆ ಬಂತು. ಮಕ್ಕಳು ಇನ್ನು ಮೇಲೆ ಸಮಾಜಕ್ಕೆ ಉಪಯೋಗವಾಗುವ ತಂತ್ರಜ್ಞಾನವನ್ನು ತಾವೇ ಕಂಡುಹಿಡಿಯಬೇಕು, ಮೇಷ್ಟ್ರು ದಾರಿ ತೋರಿಸಬೇಕು. ಮರುಳಪ್ಪ ಮೇಷ್ಟ್ರು ಅದನ್ನು ಹತ್ತನೇ ತರಗತಿಯಲ್ಲಿ ಮೂರು ಸಲ ಓದಿ ಹೇಳಿ, "ಜನರಿಗೆ ಏನ್ ತ್ರಾಸು ಐತಿ, ಬರ್ಕೊಂಡು ಬರ್ರಿ" ಎಂದರು. ಮಾರನೆಯ ದಿನ ಇಪ್ಪತ್ತಾರು ಮಕ್ಕಳು ಇಪ್ಪತ್ತಾರು ಹಾಳೆ ತಂದರು. ಓಝೋನ್ ಪದರದ ತೂತು ಹನ್ನೆರಡು ಹಾಳೆಯಲ್ಲಿತ್ತು, ಸಮುದ್ರದ ಪ್ಲಾಸ್ಟಿಕ್ಕು ಒಂಬತ್ತರಲ್ಲಿ. ಹುಣಸೆಕುಂಟೆಯ ಕುಂಟೆಯಲ್ಲಿ ಎಮ್ಮೆ ಮುಳುಗುವಷ್ಟು ನೀರಿಲ್ಲ, ಸಮುದ್ರ ನೋಡಿದವರು ಊರಲ್ಲೇ ಇಲ್ಲ. ಆದರೂ ಮೇಷ್ಟ್ರು ಖುಷಿಯಾಗಿ, ಸಮುದ್ರದ ಪ್ಲಾಸ್ಟಿಕ್ ಹೆಕ್ಕುವ ಹಡಗನ್ನೇ ಮಾಡೋಣ ಎಂದು ನಿರ್ಧರಿಸಿಬಿಟ್ಟರು.

ಹಡಗಿನ ಚಿತ್ರವನ್ನು ಬೋರ್ಡಿನ ಮೇಲೆ ಬರೆಯುವಾಗ ಎರಡನೇ ಬೆಂಚಿನ ಪವಿತ್ರ ಗಾಢ ನಿದ್ದೆಯಲ್ಲಿದ್ದಳು. ತರಗತಿಗೇ ಜಾಣೆಯಾದ ಹುಡುಗಿ. ಎಂಟು ದಿನದಿಂದ ಇದೇ ಕಥೆ.

"ಯಾಕವ್ವ, ನಿದ್ದಿ ಮಾಡಾಕತ್ತೀಯಲ್ಲ? ಇದು ಸಾಲಿನೋ ಛತ್ರನೋ?"

ಪವಿತ್ರ ದಡಬಡಿಸಿ ಎದ್ದಳು. "ನಾಕೂವರೆಗೇ ಎದ್ದಿದ್ದೆ ಸಾರ್. ಬಸ್ ಕಾಯಾಕೆ."

"ನೀ ಎಲ್ಲಿಗೆ ಹೊಂಟಿದ್ದಿ?"

"ನಾನಲ್ಲ ಸಾರ್, ನಮ್ಮಮ್ಮ."

ಆಮೇಲೆ ಒಂದೊಂದೇ ಮಾತು ಹೊರಗೆ ಬಂತು. ಪವಿತ್ರಳ ತಾಯಿ ಚಿತ್ತಮ್ಮ ಗಾರ್ಮೆಂಟ್ಸಿನಲ್ಲಿ ಜಾಕೆಟ್ಟಿನ ಕಾಲರು ಹೊಲಿಯುತ್ತಿದ್ದಳು. ಊರಿನ ಹನ್ನೊಂದು ಹೆಂಗಸರನ್ನು ಕಂಪನಿಯ ಬಸ್ಸು ಬೆಳಗಿನ ಜಾವ ರಸ್ತೆಯ ತಿರುವಿನಲ್ಲಿ ಹತ್ತಿಸಿಕೊಳ್ಳುತ್ತಿತ್ತು. ಹಿಂದಿನ ಊರುಗಳಲ್ಲಿ ಎಷ್ಟು ಹೊತ್ತು ನಿಂತಿತೋ ಅದರ ಮೇಲೆ ಅದು ಒಂದು ದಿನ ಐದೂಮುಕ್ಕಾಲಿಗೆ ಬರುತ್ತದೆ, ಒಂದು ದಿನ ಆರೂಕಾಲಿಗೆ. ಬಂದರೆ ಒಂದು ಹಾರನ್ನು, ಅರ್ಧ ನಿಮಿಷ, ಹೊರಟೇಬಿಟ್ಟಿತು. ಚಿತ್ತಮ್ಮನ ಮನೆ ಇರುವುದು ಊರಿನ ಆ ಕೊನೆಯಲ್ಲಿ. ನಲ್ಲಿ ನೀರು ಬರುವುದು ಐದು ಗಂಟೆಗೆ. ನೀರು ಹಿಡಿಯಬೇಕು, ಮಾವನಿಗೂ ಮಕ್ಕಳಿಗೂ ಮುದ್ದೆ ಮಾಡಿಡಬೇಕು. ಗಂಡ ಬೆಂಗಳೂರಿನಲ್ಲಿ ಗಾರೆ ಕೆಲಸದಲ್ಲಿದ್ದ. ಹೀಗೆ ಮೂರು ಸಲ ಬಸ್ಸು ತಪ್ಪಿತ್ತು. ಇನ್ನೊಂದು ಸಲ ತಪ್ಪಿದರೆ ಬರಲೇಬೇಡ ಅಂತ ಸೂಪರ್‌ವೈಸರ್ ಹೇಳಿಬಿಟ್ಟಿದ್ದ. ಅದಕ್ಕೇ ಪವಿತ್ರ ಕತ್ತಲಲ್ಲಿ ತಿರುವಿನಲ್ಲಿ ನಿಂತು, ಬಸ್ಸಿನ ಬೆಳಕು ಕಂಡ ಕೂಡಲೇ ಊರಿನೊಳಗೆ ಕೂಗುತ್ತ ಓಡುತ್ತಿದ್ದಳು.

"ಕೆಲಸ ಹೋದ್ರೆ ನಾವೆಲ್ಲಾ ಅಪ್ಪನತ್ರ ಬೆಂಗಳೂರ್ಗೆ ಹೋಗ್ಬೇಕು ಸಾರ್. ನನ್ನೂ ಗಾರ್ಮೆಂಟ್ಸ್‌ಗೆ ಸೇರುಸ್ತಾರಂತೆ. ಹತ್ತನೇದು ಅಲ್ಲಿಗೇ ಬಿಡ್ಬೇಕು" ಎಂದು ಹೇಳಿ ಹುಡುಗಿ ತಲೆ ತಗ್ಗಿಸಿದಳು.

ಮೇಷ್ಟ್ರಿಗೆ ಪಾಪ ಎನಿಸಿತು. ಪಾಪ ಎನಿಸಿದ ಮೇಲೂ ಅವರು ಬೋರ್ಡಿನ ಕಡೆ ತಿರುಗಿ ಹಡಗಿನ ಚಿತ್ರವನ್ನೇ ಮುಂದುವರಿಸಿದರು. ನಮ್ಮ ಮೇಷ್ಟ್ರು ಹಾಗೆ.

ಅವತ್ತು ಸಂಜೆ ಫೋನಿನಲ್ಲಿ ಹೆಂಡತಿಗೆ ಹಡಗಿನ ವಿಷಯವನ್ನೂ ಹುಡುಗಿಯ ವಿಷಯವನ್ನೂ ಒಟ್ಟಿಗೇ ಹೇಳಿದರು. ಆ ಕಡೆ ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು.

"ಅಲ್ರೀ, ನೀವು ಮೇಷ್ಟ್ರೋ ಮತ್ತೇನೋ? ಕಾಣದ ಸಮುದ್ರದಾಗಿನ ಪ್ಲಾಸ್ಟಿಕ್ ಹೆಕ್ಕಾಕ ಹೊಂಟೀರಿ. ಎದುರಿಗೆ ಹುಡುಗಿ ಥಂಡಿಯಾಗ ನಿಂತು ನಿದ್ದಿಗೆಟ್ಟು ಬಂದಾಳ, ಅದು ನಿಮ್ಮ ಕಣ್ಣಿಗೆ ತ್ರಾಸಂತ ಕಾಣವಲ್ದೇನು?"

ಮಾರನೆಯ ದಿನ ಮರುಳಪ್ಪ ಮೇಷ್ಟ್ರು ಹಡಗನ್ನು ಅಳಿಸಿ, ಬೋರ್ಡಿನ ಮೇಲೆ "ಬಸ್ಸು" ಎಂದು ದೊಡ್ಡದಾಗಿ ಬರೆದರು.

ಮೊದಲನೆಯ ಯಂತ್ರ ಪೂರ್ತಿ ಮೇಷ್ಟ್ರದ್ದೇ ಬುದ್ಧಿ. ತಿರುವಿನ ಹಿಂದೆ ಅರ್ಧ ಮೈಲಿಯಾಚೆ, ರಸ್ತೆಯ ಈ ಬದಿ ಒಂದು ಟಾರ್ಚು, ಆ ಬದಿ ಬೆಳಕು ಹಿಡಿಯುವ ಒಂದು ಕಣ್ಣು. ನಡುವೆ ಬಸ್ಸು ಹಾದುಹೋದರೆ ಬೆಳಕು ಕಡಿದು, ತಂತಿಯಲ್ಲಿ ಕರೆಂಟು ಹರಿದು, ಶಾಲೆಯ ತಾರಸಿಯ ಮೇಲಿನ ಗಂಟೆ ಹೊಡೆಯಬೇಕು. ಮೊದಲ ದಿನ ಬೆಳಗ್ಗೆ ಐದಕ್ಕೇ ಗಂಟೆ ಹೊಡೆಯಿತು. ಹನ್ನೊಂದು ಹೆಂಗಸರು ಸೆರಗು ಸುತ್ತಿಕೊಂಡು ಓಡಿದರು. ಬಸ್ಸಿಲ್ಲ. ಗಂಟೆ ಮತ್ತೆ ಹೊಡೆಯಿತು, ಮತ್ತೆ ಹೊಡೆಯಿತು, ನಿಲ್ಲಲೇ ಇಲ್ಲ. ಆ ಹೊತ್ತಿಗೆ ದಿನಾ ಕುರಿ ಹೊಡೆದುಕೊಂಡು ಹೋಗುವ ಚಿಕ್ಕತಿಮ್ಮಯ್ಯನ ಮಂದೆ ರಸ್ತೆ ದಾಟುತ್ತಿತ್ತು, ಒಂದೊಂದು ಕುರಿಗೂ ಒಂದೊಂದು ಗಂಟೆ.

"ಬಲು ಉಪ್ಕಾರ ಆಯ್ತು ಸಾರ್. ನನ್ ಕುರಿ ಎಪ್ಪತ್ತೆಂಟು ಅಂತ ತಿಳ್ಕಂಡಿದ್ದೆ. ಗಂಟೆ ಎಂಬತ್ತೊಂದು ಹೊಡೀತು. ಮೂರು ಯಾರವೋ ಸೇರ್ಕಂಡವೆ" ಎಂದು ಚಿಕ್ಕತಿಮ್ಮಯ್ಯ ಶಾಲೆಯ ಬಾಗಿಲಿಗೇ ಬಂದು ಕೈಮುಗಿದ.

ಹೆಂಗಸರು ಮಾತ್ರ ಕೈಮುಗಿಯಲಿಲ್ಲ.

ಅವತ್ತು ತರಗತಿಯಲ್ಲಿ ಪವಿತ್ರ ಎದ್ದು ನಿಂತಳು. "ಸಾರ್, ನಮ್ ಚಿಕ್ಕಮ್ಮ ರಾಧಾ ಬೂದಿಗುಟ್ಟೇಲಿ ಇದೇ ಬಸ್ ಹತ್ತುತ್ತೆ. ಅಲ್ಲಿಂದ ನಮ್ಮೂರ್ಗೆ ಹನ್ನೆಲ್ಡು ನಿಮಿಷ. ಹತ್ತಿದ ತಕ್ಷಣ ಒಂದ್ ಮಿಸ್ಡ್ ಕಾಲ್ ಕೊಟ್ರೆ?"

"ಮಿಸ್ಡ್ ಕಾಲ್ ಅಂದ್ರ ವಿಜ್ಞಾನ ಏನವ್ವ?" ಮೇಷ್ಟ್ರು ನಕ್ಕರು.

"ಫೋನು ವಿಜ್ಞಾನ ಅಲ್ವಾ ಸಾರ್?"

ಮೇಷ್ಟ್ರ ನಗು ಅರ್ಧಕ್ಕೇ ನಿಂತಿತು. ಪವಿತ್ರ ಬಿಡಿಸಿ ಹೇಳಿದಳು. ಗಾರ್ಮೆಂಟ್ಸಿನ ಹೆಂಗಸರಲ್ಲಿ ಮಿಸ್ಡ್ ಕಾಲಿಗೆ ಒಂದು ಕಟ್ಟಳೆಯೇ ಇತ್ತು. ಒಂದು ಸಲ ಹೊಡೆದು ನಿಂತರೆ "ಬಸ್ ಹತ್ತಿದೆ". ಎರಡು ಸಲ ಹೊಡೆದರೆ "ಇವತ್ತು ಓಟಿ, ಬರೋದು ತಡ". ಎರಡಕ್ಕೂ ಫೋನು ಎತ್ತಕೂಡದು, ಎತ್ತಿದರೆ ದುಡ್ಡು ದಂಡ, ಬೈಗುಳ ಬೇರೆ. ಬಿಡದೆ ಮೂರು ಸಲ ಹೊಡೆದರೆ ಮಾತ್ರ ಎತ್ತಬೇಕು. ಮೂರು ಸಲ ಹೊಡೆದರೆ ಯಾರೋ ಸತ್ತಿದ್ದಾರೆ ಅಂತಲೇ ಅರ್ಥ.

"ಆದ್ರೆ ನಲ್ಲಿ ಹತ್ರ ಇರೋರ್ಗೆ ಮನೆ ಒಳಗಿನ ಫೋನು ಕೇಳ್ಸಲ್ಲ ಸಾರ್. ಹನ್ನೊಂದು ಮನೆಗೂ ಕೇಳ್ಸೋ ಅಂಥದ್ದು ಬೇಕು."

ಹಾಗಾದರೆ ಒಂದು ಫೋನು ಬೇಕಾಯಿತು. ಚಿತ್ತಮ್ಮ ಎರಡು ಮಾತಾಡದೆ ತನ್ನ ಹಳೆಯ ಬಟನ್ ಫೋನನ್ನು ಕೊಟ್ಟಳು. ಅದರೊಳಗೆ ಗುರ್ ಎಂದು ಅದುರುವ ಪುಟ್ಟ ಮೋಟರಿನ ತಂತಿಯನ್ನು ಪವಿತ್ರಳೂ ಅವಳ ಗೆಳತಿ ಅಂಜನಾಳೂ ಹೊರಗೆಳೆದರು. ಮೇಷ್ಟ್ರು ಅದನ್ನು ರಿಲೇ ಎಂಬ ಪುಟ್ಟ ಸ್ವಿಚ್ಚಿಗೆ, ರಿಲೇಯನ್ನು ಟ್ರ್ಯಾಕ್ಟರ್ ಬ್ಯಾಟರಿಗೆ, ಬ್ಯಾಟರಿಯನ್ನು ಗಂಟೆಗೆ ಜೋಡಿಸಿದರು. ಜೋಡಿಸಿದ್ದು ಈ ಸಲ ಜೋಡಿಸಿದ ಹಾಗೇ ಉಳಿಯಿತು. ಫೋನು ಬಂದರೆ ಗಂಟೆ ಊರಿಗೆಲ್ಲ ಕೇಳುತ್ತಿತ್ತು.

ಮೊದಲ ವಾರ ಸಣ್ಣದೊಂದು ತೊಂದರೆ ಆಯಿತು. ಫೋನ್ ಕಂಪನಿಯವರು ಮಧ್ಯಾಹ್ನ ಎರಡು ಗಂಟೆಗೆ, ಹೊಸ ಹಾಡು ಹಾಕಿಸಿಕೊಳ್ಳಿ ಎಂದು ಫೋನು ಮಾಡಿದರು. ಗಂಟೆ ಹೊಡೆಯಿತು. ಶಾಲೆ ಬಿಟ್ಟಿತೆಂದು ಮಕ್ಕಳೆಲ್ಲ ಚೀಲ ಹೆಗಲಿಗೇರಿಸಿ ಮನೆಗೆ ಹೋದರು. ಅವರ ಹಿಂದೆಯೇ ಇಬ್ಬರು ಮೇಷ್ಟ್ರುಗಳೂ ಹೋದರು. ಅಂದಿನಿಂದ ಬಸ್ಸು ಹೋದ ಮೇಲೆ ಸ್ವಿಚ್ಚು ಆರಿಸುವುದು ಅಂಜನಾಳ ಕೆಲಸವಾಯಿತು.

ಎರಡು ತಿಂಗಳು ಗಂಟೆ ಒಂದು ದಿನವೂ ತಪ್ಪಲಿಲ್ಲ. ಹೆಂಗಸರು ತಿರುವಿನಲ್ಲಿ ಚಳಿಗೆ ನಿಲ್ಲುವುದನ್ನು ಬಿಟ್ಟರು. ಗಂಟೆ ಹೊಡೆದ ಮೇಲೆ ಮುದ್ದೆ ಇಳಿಸಿ, ಜಡೆ ಹೆಣೆದುಕೊಂಡು, ಡಬ್ಬಿ ಹಿಡಿದು ಹೊರಟರೆ ಸಾಕಾಗಿತ್ತು. ಪವಿತ್ರ ಆರು ಗಂಟೆಯ ತನಕ ಮಲಗುತ್ತಿದ್ದಳು, ತರಗತಿಯಲ್ಲಿ ಮೇಷ್ಟ್ರನ್ನೇ ಪ್ರಶ್ನೆ ಕೇಳಿ ಕಾಡುತ್ತಿದ್ದಳು. ಮೇಷ್ಟ್ರು ಸಂತೋಷವಾಗಿದ್ದರು. ದಿನಾ ಒಂದಲ್ಲ ಒಂದು ನೆಪ ಮಾಡಿ ತಾರಸಿ ಹತ್ತಿ ಗಂಟೆ ನೋಡಿ ಬರುತ್ತಿದ್ದರು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಪ್ರದರ್ಶನದ ದಿನ ಹತ್ತಿರ ಬಂತು. ಸೋಮವಾರದಿಂದ ಬುಧವಾರದವರೆಗೆ ಮೂರು ದಿನ, ಬಹುಮಾನ ಬುಧವಾರ ಸಂಜೆ. ಭಾನುವಾರ ಗಾರ್ಮೆಂಟ್ಸಿಗೆ ರಜೆ. ಅವತ್ತು ಬೆಳಗ್ಗೆ ಮರುಳಪ್ಪ ಮೇಷ್ಟ್ರು ತಾರಸಿ ಹತ್ತಿ, ಗಂಟೆ, ಫೋನಿನ ಡಬ್ಬಿ, ರಿಲೇ ಎಲ್ಲವನ್ನೂ ಬಿಚ್ಚಿ, ಹಳೆಯ ಸೀರೆಯಲ್ಲಿ ಸುತ್ತಿ, ಪವಿತ್ರ ಮತ್ತು ಅಂಜನಾಳನ್ನು ಕರೆದುಕೊಂಡು ಅನಂತಪುರದ ಬಸ್ಸು ಹತ್ತಿದರು.

ಊರಿನ ಹೆಂಗಸರಿಗೆ ಮೇಷ್ಟ್ರು ಪ್ರದರ್ಶನಕ್ಕೆ ಹೋಗುವುದು ಗೊತ್ತಿತ್ತು. ಆದರೆ ಪ್ರದರ್ಶನಕ್ಕೆ ಒಯ್ಯುವುದು ಥರ್ಮೋಕೋಲಿನದು, ಹನ್ನೊಂದು ವರ್ಷದಿಂದ ಕಂಡ ಸಂಗತಿ. ನಿಜವಾದ ಅಣೆಕಟ್ಟೆಯನ್ನು ಯಾರಾದರೂ ಬಸ್ಸಿನಲ್ಲಿ ಹೊತ್ತುಕೊಂಡು ಹೋಗುತ್ತಾರೆಯೇ? ಗಂಟೆ ತಾರಸಿಯ ಮೇಲೇ ಇದೆ ಎಂದುಕೊಂಡರು. ಪವಿತ್ರಳೂ ಸೀರೆಯ ಗಂಟನ್ನು ನೋಡಿ, ಸಾರ್ ಇನ್ನೊಂದು ಮಾಡಿದ್ದಾರೆ ಅಂತಲೇ ತಿಳಿದಿದ್ದಳು. ಮೇಷ್ಟ್ರಿಗೋ, ಬಹುಮಾನ ಬಿಟ್ಟು ಬೇರೇನೂ ತಲೆಯಲ್ಲಿ ಇರಲಿಲ್ಲ.

ಅನಂತಪುರದಲ್ಲಿ ಹುಡುಗಿಯರಿಗೆ ಒಂದು ಕೋಣೆಯಲ್ಲಿ ಮಲಗಲು ವ್ಯವಸ್ಥೆ, ಜೊತೆಗೊಬ್ಬರು ಮೇಡಂ. ಮೇಷ್ಟ್ರು ಮಾದರಿಯನ್ನು ಯಾರಾದರೂ ಕದ್ದಾರೆಂದು ಪ್ರದರ್ಶನದ ಪಡಸಾಲೆಯಲ್ಲಿ ಅದರ ಪಕ್ಕದಲ್ಲೇ ಚಾಪೆ ಹಾಸಿದರು. ಮಲಗುವ ಮುಂಚೆ ಅಲ್ಲೇ ಸಿಕ್ಕ ಒಂದು ಬ್ಯಾಟರಿಗೆ ಜೋಡಿಸಿ ಒಮ್ಮೆ ಪರೀಕ್ಷೆ ಮಾಡಿ, ಹಾಗೇ ಬಿಟ್ಟು ನಿದ್ದೆಹೋದರು.

ಬೆಳಗ್ಗೆ ಐದು ನಲವತ್ತೆಂಟಕ್ಕೆ ಗಂಟೆ ಹೊಡೆಯಿತು.

ಇಡೀ ಪಡಸಾಲೆ ಎದ್ದು ಕೂತಿತು. ಯಾರೋ ಬೆಂಕಿ ಎಂದರು, ಯಾರೋ ಪ್ರಾರ್ಥನೆಗೆ ಸಾಲು ನಿಂತೇಬಿಟ್ಟರು. ಮೇಷ್ಟ್ರು ಕಣ್ಣುಜ್ಜಿಕೊಂಡು, ಎಷ್ಟು ಚೆನ್ನಾಗಿ ಹೊಡೆಯುತ್ತದೆ ಎಂದು ನಾಲ್ಕು ಕ್ಷಣ ಹೆಮ್ಮೆಪಟ್ಟರು. ಐದನೆಯ ಕ್ಷಣಕ್ಕೆ ಅವರಿಗೆ ಹೊಳೆಯಿತು. ರಾಧಾ ಬೂದಿಗುಟ್ಟೆಯಲ್ಲಿ ಬಸ್ಸು ಹತ್ತಿದ್ದಳು. ಹುಣಸೆಕುಂಟೆಯಲ್ಲಿ ಹನ್ನೊಂದು ಹೆಂಗಸರು ಈ ಗಂಟೆಗಾಗಿ ಕಿವಿಗೊಟ್ಟು ಮನೆಯಲ್ಲಿ ಕೂತಿದ್ದರು.

ಪವಿತ್ರ ಬರಿಗಾಲಲ್ಲಿ ಓಡಿಬಂದಳು. "ಸಾರ್, ಇದು ನಮ್ದೇ ಗಂಟೇನಾ? ಊರಲ್ಲಿ ಇರೋದಾ?"

"ಹೌದವ್ವ" ಎಂದರು ಮೇಷ್ಟ್ರು. "ನಿಮ್ಮ ಅವ್ವಗ ಫೋನ್ ಹಚ್ಚು, ಜಲ್ದಿ."

"ಅಮ್ಮನ ಫೋನು ಗಂಟೆ ಡಬ್ಬಿಯೊಳಗೇ ಐತಲ್ಲ ಸಾರ್!"

ಹೌದು, ಅದರೊಳಗೇ ಇತ್ತು. ಅಂಜನಾಳ ಮನೆಗೆ ಮಾಡಿದರು. ಒಂದು ಸಲ ಹೊಡೆದು ನಿಂತಿತು, ಯಾರೂ ಎತ್ತಲಿಲ್ಲ. ಹೆಡ್‌ಮಾಸ್ಟರು ಫೋನು ಆರಿಸಿ ಮಡಕಶಿರದಲ್ಲಿ ಮಲಗಿದ್ದರು. ಮೇಷ್ಟ್ರು ತಮ್ಮ ಫೋನಿನಿಂದ ರಾಧಾಳಿಗೇ ಮಾಡಿದರು. ಬಸ್ಸಿನಲ್ಲಿ ಕೂತ ರಾಧಾ, ಗೊತ್ತಾಯಿತು ಅಂತ ತಿಳಿಸೋಕೆ ಮಾಡಿದ್ದಾರೆ ಎಂದುಕೊಂಡು ಕಟ್ ಮಾಡಿದಳು. ಮತ್ತೆ ಮಾಡಿದರು. ಓಟಿ ಇರಬೇಕು ಎಂದುಕೊಂಡು ಮತ್ತೆ ಕಟ್ ಮಾಡಿದಳು. ಮೇಷ್ಟ್ರು ಫೋನು ಕೆಳಗಿಟ್ಟು ತಲೆಯ ಮೇಲೆ ಕೈ ಹೊತ್ತರು.

"ಇನ್ನೊಂದ್ ಸಲ ಸಾರ್! ಮೂರನೇದು!" ಪವಿತ್ರ ಫೋನು ಕಿತ್ತುಕೊಂಡು ತಾನೇ ಒತ್ತಿದಳು.

ಮೂರನೆಯದಕ್ಕೆ ರಾಧಾ ಎತ್ತಿದಳು. ಎತ್ತಿದವಳೇ, "ಅಯ್ಯೋ, ಯಾರ್ ಹೋದ್ರೋ!" ಎಂದು ಬಸ್ಸಿನಲ್ಲಿ ಗೋಳೋ ಎಂದಳು. ಇಡೀ ಬಸ್ಸಿನ ಹೆಂಗಸರು, ಯಾರು ಸತ್ತರೆಂದು ತಿಳಿಯದಿದ್ದರೂ, ಜೊತೆಗೆ ಗೋಳೋ ಎಂದರು.

"ಯಾರೂ ಹೋಗಿಲ್ಲ ಚಿಕ್ಕಮ್ಮ! ಗಂಟೆ ಅನಂತಪುರ್ದಾಗೈತೆ! ಅಮ್ಮಂಗೆ ಗೊತ್ತಾಗಲ್ಲ! ಬಸ್ ನಿಲ್ಸು, ಹಾರನ್ ಹೊಡೆಸು!"

ರಾಧಾ ಮೂಗು ಒರೆಸಿಕೊಂಡು ಡ್ರೈವರನ ಹತ್ತಿರ ಓಡಿದಳು. ಅವನು ಪಾಪಣ್ಣ ಅಂತ, ತೆಲುಗು ಮಾತಿನವನು, ಅರ್ಧ ನಿಮಿಷದ ಮೇಲೆ ನಿಲ್ಲಿಸದೇ ಇರುವುದಕ್ಕೆ ಹೆಸರಾದವನು. "ಆಗೇದಿ ಲೇದಮ್ಮಾ, ಟೈಮ್ ಲೇದು" ಎಂದ, ನಿಲ್ಲಿಸುವ ಮಾತೇ ಇಲ್ಲ, ಹೊತ್ತಿಲ್ಲ ಅಂತ. ರಾಧಾ ಅವನ ಗೇರಿನ ಮೇಲೆ ತನ್ನ ಊಟದ ಡಬ್ಬಿ ಇಟ್ಟು, ಅದರ ಮೇಲೆ ಕೈ ಇಟ್ಟು ನಿಂತಳು. ಹುಣಸೆಕುಂಟೆಯ ತಿರುವಿನಲ್ಲಿ ಬಸ್ಸು ನಿಂತಿತು. ಪಾಪಣ್ಣ ಹಾರನ್ನಿನ ಮೇಲೆ ಕೈ ಇಟ್ಟವನು ತೆಗೆಯಲೇ ಇಲ್ಲ, ರಾಧಾ ಕೆಳಗಿಳಿದು ಬೀದಿ ಬೀದಿ ಕೂಗಿಕೊಂಡು ಓಡಿದಳು.

ಅನಂತಪುರದ ಪಡಸಾಲೆಯಲ್ಲಿ ಮೇಷ್ಟ್ರು ಕಂಬ ಹಿಡಿದು ನಿಂತಿದ್ದರು. ಪವಿತ್ರ ಅಳುತ್ತಿರಲಿಲ್ಲ, ಫೋನನ್ನೇ ನೋಡುತ್ತಿದ್ದಳು. ಆ ಹತ್ತು ನಿಮಿಷದಲ್ಲಿ ಮರುಳಪ್ಪ ಮೇಷ್ಟ್ರು, ಇಪ್ಪತ್ತೆರಡು ಪ್ಯಾಂಟು ಹಾಳಾದಾಗಲೂ ಪಡದಷ್ಟು ನಾಚಿಕೆ ಪಟ್ಟರು. ಈ ಹುಡುಗಿ ಹತ್ತನೇದು ಬಿಟ್ಟರೆ ಅದು ನನ್ನ ಕೈಯಿಂದಲೇ ಆದದ್ದು ಎಂದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಫೋನು ಒಂದು ಸಲ ಹೊಡೆದು ನಿಂತಿತು. ರಾಧಾಳದು.

"ಹತ್ತಿದ್ರು ಸಾರ್" ಎಂದು ಪವಿತ್ರ ಅಲ್ಲೇ ಕುಸಿದು ಕೂತಳು. ಈಗ ಅತ್ತಳು. ಮೇಷ್ಟ್ರೂ ಕನ್ನಡಕ ತೆಗೆದು ಒರೆಸಿದರು. ಹನ್ನೊಂದು ಜನವೂ ಹತ್ತಿದ್ದರು. ಕೊನೆಯಲ್ಲಿ ಚಿತ್ತಮ್ಮ, ಮುದ್ದೆ ಮೆತ್ತಿದ ಕೈಯಲ್ಲೇ ಬಸ್ಸಿನ ಕಂಬಿ ಹಿಡಿದು ಹತ್ತಿದಳಂತೆ.

ಸ್ವಲ್ಪ ಹೊತ್ತಿನ ಮೇಲೆ ಪವಿತ್ರ ಕೇಳಿದಳು, "ನಾಳೆ ಸಾರ್?"

"ನಾಳೇನೂ ಚಿಕ್ಕಮ್ಮಗ ಮೂರು ಸಲ ಹಚ್ಚಿದ್ರಾತು" ಎಂದರು ಮೇಷ್ಟ್ರು. ಬಹುಮಾನ ಬುಧವಾರ ಇತ್ತಲ್ಲ.

"ದಿನಾ ಯಾರಾನಾ ಸತ್ತೋದ್ರೆ ಚಿಕ್ಕಮ್ಮ ಎತ್ತಲ್ಲ ಸಾರ್. ಪಾಪಣ್ಣಾನೂ ನಿಲ್ಸಲ್ಲ."

ಮೇಷ್ಟ್ರು ಗಂಟೆಯನ್ನು ನೋಡಿದರು, ಎದುರಿನ ಮೇಜನ್ನು ನೋಡಿದರು. ಹನ್ನೆರಡು ವರ್ಷದ ಆಸೆ, ಸುಲಭವಾಗಿ ಬಿಡುವಂಥದಲ್ಲ. ಒಂದು ಲೋಟ ಟೀ ಕುಡಿದರು. ಎರಡನೆಯದನ್ನೂ ಕುಡಿದರು. ಆಮೇಲೆ ಸೀರೆ ಹಾಸಿ ಗಂಟೆಯನ್ನು ಸುತ್ತತೊಡಗಿದರು. ಯಂತ್ರದ ಚಿತ್ರ ಬರೆದು ತಂದಿದ್ದ ಚಾರ್ಟನ್ನು ಮಾತ್ರ ಮೇಜಿನ ಮೇಲೆ ನಿಲ್ಲಿಸಿದರು. ನೋಂದಣಿಗೆ ಬಂದ ಅಧಿಕಾರಿ, "ಮಾದರಿ ಎಲ್ಲಿ ಸಾರ್?" ಎಂದು ಕೇಳಿದರು.

"ಡ್ಯೂಟಿ ಮ್ಯಾಲೆ ಐತ್ರಿ" ಎಂದು ಹೇಳಿ ಮೇಷ್ಟ್ರು ಗಂಟನ್ನು ಹೆಗಲಿಗೇರಿಸಿದರು.

ಆ ವರ್ಷದ ಮೊದಲ ಬಹುಮಾನ ಸಮುದ್ರದ ಪ್ಲಾಸ್ಟಿಕ್ ಹೆಕ್ಕುವ ಹಡಗಿಗೆ ಬಂತೆಂದು ಆಮೇಲೆ ಗೊತ್ತಾಯಿತು. ಯಾವ ಶಾಲೆಯದೆಂದು ಮೇಷ್ಟ್ರು ವಿಚಾರಿಸಲಿಲ್ಲ.

ಸೋಮವಾರ ಸಂಜೆ ಅವರು ತಾರಸಿಯ ಮೇಲೆ ಗಂಟೆ ಕಟ್ಟುತ್ತಿರುವಾಗ ಗಾರ್ಮೆಂಟ್ಸಿನ ಬಸ್ಸು ಬಂತು. ಹನ್ನೊಂದು ಹೆಂಗಸರೂ ಶಾಲೆಯ ಮುಂದೆ ಬಂದು ನಿಂತರು. ಬೈಗುಳಕ್ಕೆ ಮೇಷ್ಟ್ರು ಸಿದ್ಧವಾಗಿಯೇ ಇದ್ದರು. ಬೈದಿದ್ದರೆ ಒಳ್ಳೆಯದಿತ್ತು. ಚಿತ್ತಮ್ಮ ಮೇಲೆ ನೋಡಿ, "ಸಾರ್, ಇನ್ನೊಂದ್ ಗಂಟೆ ಮಾಡ್ಕಳಿ, ತಿರ್ಗಾಕೆ ಹೋಗೋವಾಗ ಅದನ್ನ ತಗೊಂಡೋಗಿ. ಇದು ಇಲ್ಲಿರ್ಲಿ" ಎಂದಷ್ಟೇ ಹೇಳಿದಳು. ಮೇಷ್ಟ್ರು ಇಳಿದು ಬಂದು, "ತಪ್ಪಾತವ್ವ" ಎಂದರು. ಅವರು ಹಾಗೆ ಹೇಳಿದ್ದನ್ನು ದ್ರಾಕ್ಷಾಯಣಮ್ಮ ಕೇಳಿದ್ದರೆ ನಂಬುತ್ತಿರಲಿಲ್ಲ.

ಗಂಟೆ ಮುಂದೆ ಒಂದು ದಿನವೂ ತಾರಸಿ ಬಿಟ್ಟು ಇಳಿಯಲಿಲ್ಲ. ಚಿತ್ತಮ್ಮನಿಗೆ ಬಸ್ಸು ತಪ್ಪಲಿಲ್ಲ. ಮಾರ್ಚಿನಲ್ಲಿ ಪವಿತ್ರ ಪರೀಕ್ಷೆ ಬರೆದಳು, ಏಪ್ರಿಲಿನಲ್ಲಿ ಮೇಷ್ಟ್ರು ರಜೆಗೆ ರಾಯದುರ್ಗಕ್ಕೆ ಬಂದರು.

ಮೇ ತಿಂಗಳ ಒಂದು ಮಧ್ಯಾಹ್ನ, ಹಿಂದಿನ ಕೋಣೆಯಲ್ಲಿ ಅವರು ಟೇಬಲ್ ಫ್ಯಾನನ್ನು ಬಿಚ್ಚಿ ಹರವಿಕೊಂಡು ಕೂತಿದ್ದಾಗ ಫೋನು ಒಂದು ಸಲ ಹೊಡೆದು ನಿಂತಿತು. ರಾಧಾಳ ನಂಬರು. ಮೇಷ್ಟ್ರು ಎತ್ತಲಿಲ್ಲ, ಕಟ್ಟಳೆ ಅವರಿಗೂ ರೂಢಿಯಾಗಿತ್ತು. ಎರಡನೆಯ ಸಲ ಹೊಡೆಯಿತು. ಸ್ಕ್ರೂಡ್ರೈವರ್ ಕೈಯಲ್ಲೇ ನಿಂತಿತು. ಮೂರನೆಯ ಸಲ ಹೊಡೆದಾಗ ಅದನ್ನು ಬಿಸಾಡಿ ಫೋನು ಎತ್ತಿದರು. ಚಿತ್ತಮ್ಮನೋ, ಪವಿತ್ರಳ ತಾತನೋ, ಬೆಂಗಳೂರಿನಲ್ಲಿ ಗಾರೆ ಕೆಲಸದಲ್ಲಿದ್ದ ಅಪ್ಪನೋ?

"ಯಾರವ್ವ? ಏನಾತು? ಯಾರು..."

"ನಾನು ಪವಿತ್ರ ಸಾರ್. ಪಾಸಾದೆ. ಸ್ಕೂಲಿಗೇ ಫಸ್ಟ್. ಅಮ್ಮ ಮಡಕಶಿರದ ಕಾಲೇಜಿಗೆ ಸೇರುಸ್ತೀನಿ ಅಂತು."

ಮೇಷ್ಟ್ರು ಗೋಡೆಗೊರಗಿದರು. "ಅಲ್ಲವ್ವ, ಅದಕ್ಕ ಮೂರು ಸಲ ಹೊಡೀತಾರೇನು? ನನ್ನ ಜೀವ ಹೋಗಿತ್ತಲ್ಲ!"

"ಒಳ್ಳೇದಕ್ಕೂ ಎತ್ಲಿ ಅಂತ ನಾನೇ ಹೊಸ್ದಾಗಿ ಮಾಡಿದೀನಿ ಸಾರ್. ಚಿಕ್ಕಮ್ಮ ಬೈದ್ಲು. ನೀವೇ ಮೊದಲ್ನೇದು."

ಮೇಷ್ಟ್ರು ಫೋನು ಇಟ್ಟರು. ಹೊಸದೊಂದು ಕಂಡರೆ ಪರೀಕ್ಷಿಸದೆ ಬಿಡುವ ಮನುಷ್ಯ ಅಲ್ಲವಲ್ಲ. ಮುಂದಿನ ಕೋಣೆಯಲ್ಲಿ ಹೊಲಿಯುತ್ತಿದ್ದ ಹೆಂಡತಿಗೆ ಫೋನು ಮಾಡಿದರು. ಒಂದು ಸಲ, ಎರಡು ಸಲ, ಮೂರು ಸಲ. ಮೆಷಿನ್ನು ನಿಂತಿತು.

"ಯಾರ್ರೀ? ಯಾರ್ ಹೋದ್ರು?" ದ್ರಾಕ್ಷಾಯಣಮ್ಮನ ದನಿ ಫೋನಿನಲ್ಲೂ ಗೋಡೆಯ ಆಚೆಯಿಂದಲೂ ಒಟ್ಟಿಗೇ ಬಂತು.

"ಪವಿತ್ರ ಪಾಸಾದ್ಲು ನೋಡ. ಸಾಲಿಗೇ ಫಸ್ಟು."

"ನಿಮಗೇನು ತಲಿಗಿಲಿ ಐತೇನ್ರಿ? ಗೋಡಿ ಆಚಿ ಕಡಿ ಕುಂತು ಫೋನ್ ಹಚ್ಚಿ ಎದಿ ಒಡಸ್ತೀರಲ್ಲ!" ಎನ್ನುತ್ತ ಬಾಗಿಲಿಗೆ ಬಂದ ಆಕೆ, ಬಿಚ್ಚಿ ಹರವಿದ್ದ ಫ್ಯಾನನ್ನು ದುರುಗುಟ್ಟಿ ನೋಡಿದರು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಕೈ ಚಾಚಿದರು. "ಆ ಹುಡುಗಿ ನಂಬರ್ ಕೊಡ್ರಿ ಇಲ್ಲಿ."

ಆಕೆ ನಿಂತಲ್ಲೇ ನಂಬರು ಒತ್ತಿದರು. ಮೊದಲ ಸಲ ಯಾರೂ ಎತ್ತಲಿಲ್ಲ. ಎರಡನೆಯ ಸಲವೂ ಎತ್ತಲಿಲ್ಲ. ಗಂಡ ಹೆಂಡತಿ ಇಬ್ಬರೂ ಒಂದೇ ಫೋನಿಗೆ ಕಿವಿಗೊಟ್ಟು, ಮೂರನೆಯ ಸಲ ಒತ್ತಿ ಕಾದರು.